ಡಿವಿಡಿ ಕೈಯಲ್ಲಿದ್ದರೂ ಸ್ಟೀಮ್ ಬೇಕೇ ಬೇಕಾ? ಸ್ಟ್ರಾಟಜಿ ಗೇಮ್‌ಗಳು, ಆಫ್‌ಲೈನ್ ಆಟ, ಹಳೆಯ ಪಿಸಿ

ಗಡಿಕೋಟೆ
ಸಿವಿಲೈಸೇಶನ್ 5 ಮತ್ತು ಎಂಪೈರ್: ಟೋಟಲ್ ವಾರ್, ಎರಡರ ಡಬ್ಬಿಗಳೂ ಸೆಕೆಂಡ್ ಹ್ಯಾಂಡ್‌ನಲ್ಲಿ ಕಡಿಮೆ ಬೆಲೆಗೆ ಸಿಗುತ್ತಿವೆ. ಡಿಸ್ಕ್ ಚೆನ್ನಾಗಿದೆ, ಗೀರು ಇಲ್ಲ. ಪಿಸಿಯಲ್ಲಿ ವಿಂಡೋಸ್ 7 ಇದೆ. ಇಂಟರ್ನೆಟ್ ಅಂದರೆ ಫೋನ್ ಹಾಟ್‌ಸ್ಪಾಟ್, ದಿನಕ್ಕೆ 2 ಜಿಬಿ.

ಪ್ರಶ್ನೆ ಮೂರು. ಡಿಸ್ಕಿನಿಂದ ಹಾಕಿ ಹಾಗೇ ಆಡಬಹುದಾ? ಒಮ್ಮೆ ಸ್ಟೀಮ್‌ಗೆ (ಪಿಸಿ ಆಟ ಮಾರುವ, ನಡೆಸುವ ಆ ಆನ್‌ಲೈನ್ ಸೇವೆಗೆ) ಲಾಗಿನ್ ಆದರೆ ಆಮೇಲೆ ನೆಟ್ ಇಲ್ಲದೆ ನಡೆಯುತ್ತದಾ? ಸ್ಟೀಮ್ ಗೊಡವೆಯೇ ಇಲ್ಲದ ಒಳ್ಳೆಯ ಸ್ಟ್ರಾಟಜಿ ಗೇಮ್ ಯಾವುವು?

ಷಟ್ಕೋನ
ಆ ಡಬ್ಬಿ ತಗೋಬೇಡಿ. ಡಿಸ್ಕ್ ಎಷ್ಟೇ ಹೊಸದಾಗಿರಲಿ, ಒಳಗಿನ ಕಾಗದದಲ್ಲಿರುವ ಕೀ (ಆಟವನ್ನು ಖಾತೆಗೆ ಸೇರಿಸುವ ಸಂಕೇತ) ಒಂದೇ ಸಲ ಬಳಸಲು ಬರುವುದು. ಮೊದಲು ಕೊಂಡವರು ಅದನ್ನು ತಮ್ಮ ಸ್ಟೀಮ್ ಖಾತೆಗೆ ಹಾಕಿರುತ್ತಾರೆ, ಅಲ್ಲಿಗೆ ಅದರ ಆಯುಸ್ಸು ಮುಗಿಯಿತು. ನೀವು ಹಾಕಿದರೆ ಈ ಕೀ ಬೇರೆ ಖಾತೆಯಲ್ಲಿದೆ ಅಂತ ಬರುತ್ತದೆ. ಖಾತೆಯನ್ನೇ ಕೊಡುತ್ತೇನೆ ಅಂದರೂ ಒಪ್ಪಬೇಡಿ. ಖಾತೆ ಮಾರುವುದು, ಇನ್ನೊಬ್ಬರಿಗೆ ದಾಟಿಸುವುದು ಸ್ಟೀಮ್ ಒಪ್ಪಂದದ ಪ್ರಕಾರ ಇಲ್ಲ. ನಾಳೆ ಹಳೆಯ ಮಾಲೀಕರು ತಮ್ಮ ಇಮೇಲ್‌ನಿಂದ ವಾಪಸ್ ಪಡೆದರೆ ನಿಮ್ಮ ಕೈಯಲ್ಲಿ ಉಳಿಯುವುದು ಪ್ಲಾಸ್ಟಿಕ್ ಬಿಲ್ಲೆ ಮಾತ್ರ.

ಇದು ಎಲ್ಲಿಂದ ಶುರುವಾಯಿತು ಅಂತ ಗೊತ್ತಿದ್ದರೆ ಡಬ್ಬಿ ನೋಡಿದ ಕೂಡಲೇ ಹೇಳಬಹುದು. ಸ್ಟೀಮ್ ಬಂದದ್ದು 2003ರ ಸೆಪ್ಟೆಂಬರ್‌ನಲ್ಲಿ. 2004ರ ನವೆಂಬರ್‌ನಲ್ಲಿ ಹಾಫ್ ಲೈಫ್ 2 ಡಬ್ಬಿಯಲ್ಲಿ ಕೊಂಡವರಿಗೂ ಸ್ಟೀಮ್ ಕಡ್ಡಾಯವಾಯಿತು. ಸ್ಟ್ರಾಟಜಿ ಕಡೆಗೆ ಈ ಗಾಳಿ ಜೋರಾಗಿ ಬೀಸಿದ್ದು 2009ರಲ್ಲಿ: ಫೆಬ್ರವರಿಯಲ್ಲಿ ಡಾನ್ ಆಫ್ ವಾರ್ 2, ಮಾರ್ಚ್‌ನಲ್ಲಿ ಎಂಪೈರ್. ಡಾನ್ ಆಫ್ ವಾರ್ 2ಕ್ಕೆ ಆಗ ಸ್ಟೀಮ್ ಸಾಲದೆ ಮೈಕ್ರೋಸಾಫ್ಟ್‌ನ ಗೇಮ್ಸ್ ಫಾರ್ ವಿಂಡೋಸ್ ಲೈವ್ ಕೂಡ ಬೇಕಿತ್ತು, ಒಂದು ಆಟಕ್ಕೆ ಎರಡು ಲಾಗಿನ್. 2010ರ ಸೆಪ್ಟೆಂಬರ್‌ನಲ್ಲಿ ಸಿವಿಲೈಸೇಶನ್ 5 ಅದೇ ದಾರಿ ಹಿಡಿಯಿತು. ಅದಕ್ಕಿಂತ ಹಿಂದಿನ ಸಿವ್ 4 (2005), ಟೋಟಲ್ ವಾರ್ ಸರಣಿಯ ಮಿಡೀವಲ್ 2 (2006) ಡಿಸ್ಕ್‌ಗಳು ಸ್ಟೀಮ್ ಕೇಳುವುದಿಲ್ಲ. ಡಬ್ಬಿಯ ಹಿಂಬದಿ, ಕನಿಷ್ಠ ಅಗತ್ಯಗಳ ಕೆಳಗೆ ಸಣ್ಣಕ್ಷರದಲ್ಲಿ ಇಂಟರ್ನೆಟ್ ಮತ್ತು ಸ್ಟೀಮ್ ಖಾತೆ ಬೇಕು ಅಂತ ಇದ್ದರೆ ಸೆಕೆಂಡ್ ಹ್ಯಾಂಡ್‌ನಲ್ಲಿ ಅದು ಬೇಡ.

ಇನ್ನು ವಿಂಡೋಸ್ 7. ಸಿವ್ 5 ಡಬ್ಬಿಯ ಮೇಲೆ ವಿಂಡೋಸ್ ಎಕ್ಸ್‌ಪಿ ಸಾಕು ಅಂತಲೇ ಇದೆ. ಆಟಕ್ಕೆ ಸಾಕು, ನಿಜ. ಆದರೆ ಸ್ಟೀಮ್ 2019ರ ಜನವರಿ 1ರಿಂದ ಎಕ್ಸ್‌ಪಿ, ವಿಸ್ತಾ ಬಿಟ್ಟಿತು, 2024ರ ಜನವರಿ 1ರಿಂದ ವಿಂಡೋಸ್ 7, 8 ಮತ್ತು 8.1 ಬಿಟ್ಟಿತು. ಸ್ಟೀಮ್‌ನ ಕಿಟಕಿಯೊಳಗೆ ಕ್ರೋಮ್ ಬ್ರೌಸರಿನ ಎಂಜಿನ್ ಕೂತಿದೆ, ಅದು ಹಳೆಯ ವಿಂಡೋಸ್‌ನಲ್ಲಿ ನಿಂತ ಮೇಲೆ ಇದೂ ನಿಂತಿತು. 2026ರ ಜನವರಿ 1ರಿಂದ 32 ಬಿಟ್ ವಿಂಡೋಸ್ 10 ಕೂಡ ಆ ಸಾಲಿಗೆ ಸೇರಿದೆ. ಅಂದರೆ ಆಟಕ್ಕೆ ಯೋಗ್ಯವಾದ ಯಂತ್ರ ಬಾಗಿಲು ಕಾಯುವ ಸ್ಟೀಮ್‌ಗೆ ಯೋಗ್ಯವಲ್ಲ. ನನಗೆ ಈ ಇಡೀ ವ್ಯವಸ್ಥೆಯಲ್ಲಿ ಅತಿ ದೊಡ್ಡ ತಕರಾರು ಇದೇ.

ಒಂದೇಟರ್ನ್
ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ. ನೆಟ್ ಇಲ್ಲದೆ ನಡೆಯುತ್ತದೆ, ಆದರೆ ಮೊದಲೇ ತಯಾರಿ ಬೇಕು. ಕೇಬಲ್ ಕಿತ್ತ ಮೇಲೆ ತಯಾರಿ ಮಾಡಲು ಆಗಲ್ಲ.

ಸ್ಟೀಮ್ ಬೇಕು ಅನ್ನುವುದರೊಳಗೆ ಎರಡು ಬೇರೆ ಬೇರೆ ಸಂಗತಿಗಳಿವೆ. ಒಂದು, ಸ್ಟೀಮ್‌ವರ್ಕ್ಸ್ ಅನ್ನುವ ಲೈಬ್ರರಿ. ಆಟ ಅದರ ಮೂಲಕ ಸಾಧನೆ ಪದಕ, ಕ್ಲೌಡ್ ಸೇವ್, ಮಲ್ಟಿಪ್ಲೇಯರ್ ಕೇಳುತ್ತದೆ. ಇನ್ನೊಂದು, ಆಟ ಶುರು ಮಾಡುವ ಇಎಕ್ಸ್‌ಇ ಫೈಲಿಗೆ ಸುತ್ತಿದ ಬೀಗ. ಅದು ಸ್ಟೀಮ್ ತೆರೆದಿದೆಯೇ, ಈ ಖಾತೆಗೆ ಈ ಆಟ ಇದೆಯೇ ಅಂತ ನೋಡುತ್ತದೆ. ಎರಡನೆಯದನ್ನು ಹಾಕುವುದು ಬಿಡುವುದು ಆಟ ಮಾಡಿದವರ ಇಷ್ಟ. ಹಾಗಾಗಿ ಸ್ಟೀಮ್‌ನಲ್ಲಿ ಕೊಂಡ ಎಲ್ಲ ಆಟಕ್ಕೂ ಬೀಗ ಇರಲ್ಲ. ಪ್ಯಾರಡಾಕ್ಸ್ ಕಂಪನಿಯ ಕ್ರುಸೇಡರ್ ಕಿಂಗ್ಸ್ 2, ಯೂರೋಪಾ ಯೂನಿವರ್ಸಾಲಿಸ್ 4, ಸ್ಟೆಲಾರಿಸ್ ಇವುಗಳ ಇಎಕ್ಸ್‌ಇ ನೇರ ಒತ್ತಿದರೆ ಸ್ಟೀಮ್ ಇಲ್ಲದೆಯೂ ತೆರೆಯುತ್ತವೆ.

ನಿಮ್ಮ ಆಟ ಯಾವ ಜಾತಿ ಅಂತ ನೋಡಲು ಐದು ನಿಮಿಷ ಸಾಕು. ಗಡಿಯಾರದ ಪಕ್ಕದ ಸಣ್ಣ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟೀಮ್ ಪೂರ್ತಿ ಮುಚ್ಚಿ. ಕಿಟಕಿಯ ಗುಣಿಸು ಗುರುತು ಒತ್ತಿದರೆ ಅದು ಮುಚ್ಚಿರಲ್ಲ, ಹಿಂದೆ ಓಡುತ್ತಲೇ ಇರುತ್ತದೆ. ವೈಫೈ ಆರಿಸಿ. ಸ್ಟೀಮ್ ಫೋಲ್ಡರಿನ ಸ್ಟೀಮ್‌ಆ್ಯಪ್ಸ್ ಒಳಗೆ ಕಾಮನ್, ಅದರೊಳಗೆ ಆಟದ ಫೋಲ್ಡರ್, ಅಲ್ಲಿರುವ ಇಎಕ್ಸ್‌ಇ ಒತ್ತಿ. ಸ್ಟೀಮ್ ತಾನಾಗಿ ಎದ್ದರೆ ಅಥವಾ ತಪ್ಪು ಸಂದೇಶ ಬಂದರೆ ಆಟಕ್ಕೆ ಅದು ಬೇಕು. ಮೆನು ಬಂದರೆ ಬೇಡ. ಮೆನು ಬಂದ ಮೇಲೆ ಡಿಎಲ್‌ಸಿ (ಆಟಕ್ಕೆ ಬೇರೆಯಾಗಿ ಬರುವ ಹೆಚ್ಚುವರಿ ಭಾಗ) ಪಟ್ಟಿಯನ್ನೂ ನೋಡಿ. ಮೂಲ ಆಟ ತೆರೆದು ಡಿಎಲ್‌ಸಿ ಮಾತ್ರ ಬೂದು ಬಣ್ಣದಲ್ಲಿ ಕೂತಿರುವುದೂ ಉಂಟು.

ಬೀಗ ಇರುವ ಆಟಕ್ಕೆ ಆಫ್‌ಲೈನ್ ತಯಾರಿ ಹೀಗೆ:

1. ಲಾಗಿನ್ ಆಗುವಾಗ ನನ್ನನ್ನು ನೆನಪಿಡು ಅನ್ನುವ ಚೌಕಕ್ಕೆ ಟಿಕ್ ಹಾಕಿ. ಇದು ಬಿಟ್ಟರೆ ಮಿಕ್ಕಿದ್ದೆಲ್ಲ ವ್ಯರ್ಥ.
2. ಡೌನ್‌ಲೋಡ್ ಪುಟದಲ್ಲಿ ಏನೂ ಬಾಕಿ ಇರಬಾರದು.
3. ನೆಟ್ ಇರುವಾಗಲೇ ಆಟವನ್ನು ಒಮ್ಮೆ ಮುಖ್ಯ ಮೆನುವರೆಗೆ ತೆರೆಯಿರಿ. ಮೊದಲ ಸಲ ಡೈರೆಕ್ಟ್ ಎಕ್ಸ್, ವಿಷುಯಲ್ ಸಿ ಪ್ಯಾಕೇಜುಗಳು ಕೂರುತ್ತವೆ. ಲಾಂಚರ್ (ಆಟಕ್ಕೆ ಮುಂಚೆ ತೆರೆಯುವ ಕಿಟಕಿ) ಇದ್ದರೆ ಅದರ ಲಾಗಿನ್ ಕೂಡ ಈಗಲೇ ಮುಗಿಸಿ.
4. ಎಡ ಮೇಲ್ತುದಿಯ ಸ್ಟೀಮ್ ಮೆನುವಿನಲ್ಲಿ ಗೋ ಆಫ್‌ಲೈನ್ ಒತ್ತಿ.
5. ಹಾಟ್‌ಸ್ಪಾಟ್ ಆರಿಸಿ, ಪಿಸಿ ರೀಸ್ಟಾರ್ಟ್ ಮಾಡಿ, ಆಟ ತೆರೆದು ನೋಡಿ. ಈ ಪರೀಕ್ಷೆ ಮಾಡದೆ ಊರಿಗೆ ಹೊರಡಬೇಡಿ.

ಕೈಕೊಡುವುದು ಹೆಚ್ಚಾಗಿ ಎರಡನೇ ಹೆಜ್ಜೆಯಲ್ಲಿ. ಒಂದು ಸಣ್ಣ ಪ್ಯಾಚ್ (ಆಟದ ತಿದ್ದುಪಡಿ) ಬಾಕಿ ಇದೆ ಅಂತ ಸ್ಟೀಮ್ ಒಮ್ಮೆ ಗುರುತು ಹಾಕಿಕೊಂಡರೆ ಸಾಕು, ಅದು ಇಳಿಯುವ ತನಕ ಆಟ ತೆರೆಯಲ್ಲ. ನೆಟ್ ಇಲ್ಲ ಅಂದರೆ ಇಳಿಯಲ್ಲ. ಹತ್ತು ಕೆಬಿ ಪ್ಯಾಚಿಗೋಸ್ಕರ ಇಪ್ಪತ್ತು ಜಿಬಿ ಆಟ ಮುಚ್ಚಿಕೊಂಡು ಕೂರುತ್ತದೆ. ಅದಕ್ಕೇ ಆಫ್‌ಲೈನ್ ಹೋಗುವ ಮೊದಲು ಬಾಕಿ ಇರುವುದನ್ನೆಲ್ಲ ಇಳಿಸಿ ಮುಗಿಸಿ.

ಹಳೆಯ ಡೆಸ್ಕ್‌ಟಾಪ್ ಆದರೆ ಇನ್ನೊಂದು. ಮದರ್‌ಬೋರ್ಡಿನ ಸಿಆರ್ 2032 ಸೆಲ್ ಸತ್ತಿದ್ದರೆ ಪ್ರತಿ ಸಲ ಆನ್ ಮಾಡಿದಾಗ ದಿನಾಂಕ ಹಿಂದಕ್ಕೆ ಹೋಗುತ್ತದೆ. ದಿನಾಂಕ ತಪ್ಪಿದ್ದರೆ ಸುರಕ್ಷತಾ ಪ್ರಮಾಣಪತ್ರ ಹೊಂದಲ್ಲ, ಲಾಗಿನ್ ಆಗಲ್ಲ, ಸಂದೇಶ ಮಾತ್ರ ನೆಟ್ ಸಮಸ್ಯೆ ಅಂತ ಬರುತ್ತದೆ. ರೂಟರ್ ಬೈಯುವ ಮೊದಲು ಗಡಿಯಾರ ನೋಡಿ.

ಗಡಿಕೋಟೆ
ಡಬ್ಬಿ ಕೈಬಿಟ್ಟೆ. ವಿಂಡೋಸ್ 10, 64 ಬಿಟ್ ಇರುವ ಇನ್ನೊಂದು ಲ್ಯಾಪ್‌ಟಾಪ್ ಮನೆಯಲ್ಲಿದೆ, ಸಿವ್ 6 ಅದರಲ್ಲಿ ಹಾಕಬಹುದು. ಆದರೆ ಅಷ್ಟು ಜಿಬಿ ಇಳಿಸುವುದು ಹೇಗೆ? ಬ್ರಾಡ್‌ಬ್ಯಾಂಡ್ ಇರುವ ಕಡೆ ಇಳಿಸಿ ಡ್ರೈವ್‌ನಲ್ಲಿ ತಂದರೆ ಆಗುತ್ತದಾ?

ಪೆನ್‌ಡ್ರೈವ್
ಆಗುತ್ತದೆ. ಸ್ಟೀಮ್ ಮೆನುವಿನಲ್ಲಿ ಬ್ಯಾಕಪ್ ಅನ್ನುವುದೂ ಇದೆ, ಆದರೆ ಫೋಲ್ಡರ್ ಕಾಪಿ ಮಾಡುವುದೇ ಸಲೀಸು.

ಬ್ರಾಡ್‌ಬ್ಯಾಂಡ್ ಇರುವ ಪಿಸಿಯಲ್ಲಿ ಆಟ ಇಳಿಸಿ, ಸ್ಟೀಮ್ ಪೂರ್ತಿ ಮುಚ್ಚಿ. ಎರಡು ವಸ್ತು ಎತ್ತಿಕೊಳ್ಳಬೇಕು. ಒಂದು, ಕಾಮನ್ ಒಳಗಿರುವ ಆಟದ ಇಡೀ ಫೋಲ್ಡರ್. ಎರಡು, ಅದಕ್ಕೊಂದು ಮೆಟ್ಟಿಲು ಮೇಲೆ, ಸ್ಟೀಮ್‌ಆ್ಯಪ್ಸ್ ಫೋಲ್ಡರಿನಲ್ಲೇ ಇರುವ ಆ್ಯಪ್‌ಮ್ಯಾನಿಫೆಸ್ಟ್ ಫೈಲ್. ಪ್ರತಿ ಆಟಕ್ಕೂ ಒಂದು, ಹೆಸರಿನಲ್ಲಿ ಆಟದ ಸಂಖ್ಯೆ ಇರುತ್ತದೆ: ಸಿವ್ 6 ಆದರೆ 289070, ಸಿವ್ 5 ಆದರೆ 8930, ಯೂರೋಪಾ 4 ಆದರೆ 236850. ಕೆಲವೇ ಕೆಬಿ ಇರುವ ಈ ಚೀಟಿಯಲ್ಲೇ ಆಟ ಯಾವ ಆವೃತ್ತಿಯಲ್ಲಿದೆ, ಪೂರ್ತಿ ಇಳಿದಿದೆಯೇ ಅನ್ನುವುದು ಬರೆದಿರುವುದು.

ನಿಮ್ಮ ಲ್ಯಾಪ್‌ಟಾಪಿನಲ್ಲಿ ಸ್ಟೀಮ್ ಹಾಕಿ, ಹಾಟ್‌ಸ್ಪಾಟ್‌ನಲ್ಲಿ ಒಮ್ಮೆ ಲಾಗಿನ್ ಆಗಿ ಮುಚ್ಚಿ. ಸ್ಟೀಮ್ ತನ್ನನ್ನು ತಾನೇ ಅಪ್‌ಡೇಟ್ ಮಾಡಿಕೊಳ್ಳಲು ಕೆಲವು ನೂರು ಎಂಬಿ ತಿನ್ನುತ್ತದೆ, ಲೆಕ್ಕದಲ್ಲಿಟ್ಟುಕೊಳ್ಳಿ. ಎರಡೂ ವಸ್ತುಗಳನ್ನು ಅದೇ ಜಾಗಗಳಲ್ಲಿ ಇಟ್ಟು ಸ್ಟೀಮ್ ತೆರೆಯಿರಿ. ಆಟದ ಪ್ರಾಪರ್ಟೀಸ್, ಇನ್‌ಸ್ಟಾಲ್ಡ್ ಫೈಲ್ಸ್, ಫೈಲ್‌ಗಳನ್ನು ಪರಿಶೀಲಿಸು. ವ್ಯತ್ಯಾಸ ಇದ್ದಷ್ಟು ಮಾತ್ರ ಇಳಿಯುತ್ತದೆ.

ಆ್ಯಪ್‌ಮ್ಯಾನಿಫೆಸ್ಟ್ ಮರೆತು ಬಂದರೂ ಪರವಾಗಿಲ್ಲ. ಫೋಲ್ಡರ್ ಇಟ್ಟು ಇನ್‌ಸ್ಟಾಲ್ ಒತ್ತಿದರೆ ಇರುವ ಫೈಲ್‌ಗಳನ್ನು ಅದೇ ಹುಡುಕಿಕೊಳ್ಳುತ್ತದೆ. ಆದರೆ ಇನ್‌ಸ್ಟಾಲ್ ಕೇಳುವ ಡ್ರೈವ್ ನೀವು ಫೋಲ್ಡರ್ ಇಟ್ಟ ಡ್ರೈವೇ ಆಗಿರಬೇಕು, ಫೋಲ್ಡರಿನ ಹೆಸರಲ್ಲಿ ಒಂದಕ್ಷರವೂ ಬದಲಾಗಿರಬಾರದು. ಇಲ್ಲದಿದ್ದರೆ ಸೊನ್ನೆಯಿಂದ ಇಳಿಯಲು ಶುರು ಮಾಡುತ್ತದೆ, ದಿನದ 2 ಜಿಬಿ ಹತ್ತು ನಿಮಿಷದಲ್ಲಿ ಹೋಗುತ್ತದೆ. ಶುರುವಿನಲ್ಲಿ ಪಕ್ಕದಲ್ಲೇ ಕೂತು ನೋಡಿ, ಎಂಬಿ ಏರುತ್ತಿದ್ದರೆ ಕೂಡಲೇ ತಡೆಯುವ ಗುಂಡಿ (ಪಾಸ್) ಒತ್ತಿ.

ಷಟ್ಕೋನ
ಸೇರಿಸುವುದು ಎರಡಿದೆ. ಡ್ರೈವ್ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಆಗಿರಲಿ. ಹೊಸ ಪೆನ್‌ಡ್ರೈವ್‌ಗಳು ಎಷ್ಟೋ ಸಲ ಫ್ಯಾಟ್ 32ರಲ್ಲೇ ಬರುತ್ತವೆ, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರಲ್ಲ. ಟೋಟಲ್ ವಾರ್‌ಗಳ ದೊಡ್ಡ ಪ್ಯಾಕ್ ಫೈಲ್‌ಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಎರಡನೆಯದು ಖಾಲಿ ಜಾಗ. ಪ್ಯಾಚ್ 500 ಎಂಬಿ ಅಂತ ತೋರಿಸಿದರೂ ಸ್ಟೀಮ್ ಹಳೆಯ ಪ್ಯಾಕ್ ಫೈಲನ್ನು ಪಕ್ಕದಲ್ಲಿ ಹೊಸದಾಗಿ ಕಟ್ಟಿ ಆಮೇಲೆ ಬದಲಿಸುತ್ತದೆ. ಡಿಸ್ಕ್ ಅಂಚಿನವರೆಗೆ ತುಂಬಿದ್ದರೆ ಜಾಗವಿಲ್ಲ ಅಂತ ನಿಲ್ಲುತ್ತದೆ. ಅತಿ ದೊಡ್ಡ ಫೈಲ್ ಎಷ್ಟಿದೆಯೋ ಕನಿಷ್ಠ ಅಷ್ಟು ಖಾಲಿ ಬಿಡಿ.

ಎರಡೂ ಪಿಸಿ ಒಂದೇ ವೈಫೈನಲ್ಲಿ ಸಿಗುವಂತಿದ್ದರೆ ಡ್ರೈವೂ ಬೇಡ. ಸೆಟ್ಟಿಂಗ್ಸ್, ಡೌನ್‌ಲೋಡ್ಸ್‌ನಲ್ಲಿ ಲೋಕಲ್ ನೆಟ್‌ವರ್ಕ್ ಮೂಲಕ ಆಟ ವರ್ಗಾಯಿಸುವ ಸೌಲಭ್ಯ 2023ರಿಂದ ಇದೆ.

ಭೇರುಂಡ1444
ನೀವೆಲ್ಲ ಇನ್‌ಸ್ಟಾಲ್ ಬಗ್ಗೆಯೇ ಹೇಳುತ್ತಿದ್ದೀರಿ. ಸ್ಟ್ರಾಟಜಿ ಆಡುವವರಿಗೆ ಸ್ಟೀಮ್ ಕಡ್ಡಾಯದ ನಿಜವಾದ ಪೆಟ್ಟು ಬೀಳುವುದು ಆಟದ ನಡುವೆ. ಯೂರೋಪಾ 4ರಲ್ಲಿ 1444ರ ನವೆಂಬರ್ 11ಕ್ಕೆ ವಿಜಯನಗರ ಹಿಡಿದು ಶುರು ಮಾಡಿದರೆ ಎರಡನೇ ದೇವರಾಯನ ಕಾಲ. ಎದುರಿಗೆ ಬಹಮನಿ, ಮುಂದೆ 1821ರವರೆಗೆ ಹಾದಿ. ಒಂದು ಪೂರ್ತಿ ಆಟ ವಾರಗಟ್ಟಲೆ ಸಂಜೆಗಳನ್ನು ತಿನ್ನುತ್ತದೆ. 1580ರ ಹೊತ್ತಿಗೆ ದಖ್ಖನ್ ಪೂರ್ತಿ ಕೈಸೇರಿದಾಗ ಪ್ಯಾಚ್ ಇಳಿಯುತ್ತದೆ. ಪ್ರಾಂತ್ಯಗಳ ಪಟ್ಟಿ ಬದಲಾಗಿರುತ್ತದೆ, ಮಿಷನ್ ಬದಲಾಗಿರುತ್ತದೆ, ಮಾಡ್‌ಗಳು (ಆಟಗಾರರೇ ಮಾಡಿದ ಬದಲಾವಣೆಗಳು) ಹೊಂದಲ್ಲ. ಸೇವ್ ತೆರೆಯಲ್ಲ, ಅಥವಾ ತೆರೆದು ಅರ್ಧ ಹಾಳಾಗಿ ಕಾಣಿಸುತ್ತದೆ. ಶೂಟಿಂಗ್ ಗೇಮ್ ಆಡುವವರಿಗೆ ಇದು ತಾಗಲ್ಲ, ಅವರ ಆಟ ಅರ್ಧ ಗಂಟೆಯದು.

ಪ್ಯಾರಡಾಕ್ಸ್ ಆಟಗಳಲ್ಲಿ ಇದಕ್ಕೆ ಪರಿಹಾರ ಇದೆ. ಪ್ರಾಪರ್ಟೀಸ್‌ನಲ್ಲಿ ಬೀಟಾಸ್ ತೆರೆಯಿರಿ. ಹೆಸರು ನೋಡಿ ಹೆದರಬೇಡಿ, ಅಲ್ಲಿರುವುದು ಹಳೆಯ ಆವೃತ್ತಿಗಳ ಪಟ್ಟಿ. ಆಟ ಶುರು ಮಾಡುವ ದಿನವೇ ಮೆನುವಿನಲ್ಲಿ ಕಾಣುವ ಆವೃತ್ತಿ ಸಂಖ್ಯೆ ಬರೆದಿಟ್ಟುಕೊಳ್ಳಿ, ಪ್ಯಾಚ್ ಬಂದ ಮೇಲೆ ಪಟ್ಟಿಯಲ್ಲಿ ಅದನ್ನೇ ಆರಿಸಿ. ಸ್ಟೀಮ್ ಹಿಂದಕ್ಕೆ ಇಳಿಸುತ್ತದೆ, ಸೇವ್ ಮತ್ತೆ ತೆರೆಯುತ್ತದೆ. ಒಂದು ಎಚ್ಚರ: ಹೊಸ ಆವೃತ್ತಿಯಲ್ಲಿ ಸೇವ್ ಮಾಡಿಬಿಟ್ಟರೆ ಆ ಫೈಲ್ ಹಳೆಯದಕ್ಕೆ ಮರಳುತ್ತದೆ ಅನ್ನುವ ಭರವಸೆ ಇಲ್ಲ. ಐರನ್‌ಮ್ಯಾನ್ ಅನ್ನುವ ಆಟದ ಬಗೆಯಲ್ಲಿ ಸೇವ್ ತಾನಾಗಿ ಆಗುವುದರಿಂದ, ತೆರೆದು ಸ್ವಲ್ಪ ನೋಡೋಣ ಅಂದರೂ ಅಪಾಯ.

ಅದಕ್ಕೇ ಸೇವ್ ಫೋಲ್ಡರ್ ಕಾಪಿ ಇರಲಿ. ಡಾಕ್ಯುಮೆಂಟ್ಸ್ ಒಳಗೆ ಪ್ಯಾರಡಾಕ್ಸ್ ಇಂಟರ್‌ಆ್ಯಕ್ಟಿವ್, ಅದರೊಳಗೆ ಆಟದ ಹೆಸರು, ಅದರೊಳಗೆ ಸೇವ್ ಗೇಮ್ಸ್. ಸಿವ್ 6 ಆದರೆ ಡಾಕ್ಯುಮೆಂಟ್ಸ್, ಮೈ ಗೇಮ್ಸ್ ಒಳಗೆ.

ಕ್ಲೌಡ್ ಬಗ್ಗೆಯೂ ಹೇಳಬೇಕು. ಆಫ್‌ಲೈನ್‌ನಲ್ಲಿ ಹತ್ತು ದಿನ ಆಡಿ ನೆಟ್‌ಗೆ ಬಂದರೆ ಸ್ಟೀಮ್ ಕೇಳುತ್ತದೆ, ಈ ಪಿಸಿಯ ಸೇವ್ ಇಡಲಾ, ಕ್ಲೌಡ್‌ನದ್ದು ಇಡಲಾ ಅಂತ. ತಪ್ಪು ಒತ್ತಿದರೆ ಹತ್ತು ದಿನದ ಆಟ ಅಳಿಸಿ ಹೋಗುತ್ತದೆ. ಆ ಪೆಟ್ಟಿಗೆ ಬಂದಾಗ ಯಾವುದನ್ನೂ ಒತ್ತದೆ ಮೊದಲು ಸೇವ್ ಫೋಲ್ಡರನ್ನು ಡೆಸ್ಕ್‌ಟಾಪಿಗೆ ಕಾಪಿ ಮಾಡಿ. ಆಮೇಲೆ ದಿನಾಂಕ, ಸಮಯ ನೋಡಿ ಹೊಸದನ್ನು ಆರಿಸಿ.

ಲ್ಯಾನ್‌ಕೇಬಲ್
ಸ್ಟೀಮ್ ಬಗ್ಗೆ ಒಂದೇ ಮಗ್ಗುಲು ಕೇಳಿಬರುತ್ತಿದೆ. ಸಿವ್ 4ರ ಇಂಟರ್ನೆಟ್ ಮಲ್ಟಿಪ್ಲೇಯರ್ ಗೇಮ್‌ಸ್ಪೈ ಸರ್ವರ್ ಮೇಲೆ ನಿಂತಿತ್ತು. 2014ರ ಮೇ ಕೊನೆಗೆ ಗೇಮ್‌ಸ್ಪೈ ಮುಚ್ಚಿತು. ಡಬ್ಬಿಯ ಡಿಸ್ಕಿನಲ್ಲಿ ಅಲ್ಲಿಗೆ ಆಟಗಾರರು ಸೇರುವ ಆ ಲಾಬಿ ಸತ್ತಿತು, ನೇರ ಐಪಿ ಮತ್ತು ಲ್ಯಾನ್ ಮಾತ್ರ ಉಳಿದವು. ಸ್ಟೀಮ್ ಆವೃತ್ತಿಗೆ ಮಲ್ಟಿಪ್ಲೇಯರನ್ನು ಸ್ಟೀಮ್‌ವರ್ಕ್ಸ್‌ಗೆ ಸರಿಸಿದ್ದರಿಂದ ಅದು ಬದುಕಿತು. ಹಿಂದೆ ಪ್ಯಾಚ್ ಹುಡುಕಿಕೊಂಡು ಹತ್ತು ಸೈಟ್ ಸುತ್ತಬೇಕಿತ್ತು, ಒಬ್ಬರದ್ದು ಒಂದು ಆವೃತ್ತಿ, ಇನ್ನೊಬ್ಬರದ್ದು ಬೇರೆ, ಲ್ಯಾನ್‌ನಲ್ಲಿ ಕೂತರೂ ಆಟ ಸೇರುತ್ತಿರಲಿಲ್ಲ. ಈಗ ಎಲ್ಲರದ್ದೂ ಒಂದೇ ಆವೃತ್ತಿ. ಸ್ಟೀಮ್‌ನಲ್ಲೇ ಇರುವ ವರ್ಕ್‌ಶಾಪ್ ಅನ್ನುವ ಪುಟದಿಂದ ಮಾಡ್‌ಗಳು ಒಂದು ಗುಂಡಿಗೆ ಬರುತ್ತವೆ. ಎಪಿಕ್ ಅನ್ನುವ ಇನ್ನೊಂದು ಅಂಗಡಿಯಲ್ಲಿ ಸಿವ್ 6 ಕೊಂಡವರಿಗೆ ಆ ವರ್ಕ್‌ಶಾಪ್ ಇಲ್ಲ.

ಮನೆಮಂದಿಗೂ ಈಗ ಅನುಕೂಲ. 2024ರ ಸೆಪ್ಟೆಂಬರ್‌ನಿಂದ ಸ್ಟೀಮ್ ಫ್ಯಾಮಿಲೀಸ್‌ನಲ್ಲಿ 6 ಜನರವರೆಗೆ ಲೈಬ್ರರಿ ಹಂಚಿಕೊಳ್ಳಬಹುದು. ಒಬ್ಬರು ಸಿವ್, ಇನ್ನೊಬ್ಬರು ಯೂರೋಪಾ ಒಂದೇ ಹೊತ್ತಿಗೆ ಆಡಬಹುದು. ಒಂದೇ ಆಟವನ್ನು ಇಬ್ಬರು ಒಟ್ಟಿಗೆ ಆಡಲು ಮಾತ್ರ ಎರಡು ಪ್ರತಿ ಬೇಕು.

ಒಂದೇಟರ್ನ್
@ಲ್ಯಾನ್‌ಕೇಬಲ್, ಇವೆಲ್ಲ ಸ್ಟೀಮ್ ಇದ್ದರೆ ಸಿಗುವ ಸೌಲಭ್ಯ. ಒಪ್ಪುತ್ತೇನೆ, ನಾನೂ ಬಳಸುತ್ತೇನೆ. ಒಬ್ಬರೇ ಕೂತು ಕಂಪ್ಯೂಟರ್ ವಿರುದ್ಧ ಆಡುವ ಆಟಕ್ಕೆ ಅದು ಕಡ್ಡಾಯ ಯಾಕೆ ಅನ್ನುವುದಕ್ಕೆ ಇವು ಉತ್ತರ ಆಗಲ್ಲ. 2006ರಲ್ಲಿ ಸ್ಟಾರ್‌ಡಾಕ್‌ನವರು ಗ್ಯಾಲಕ್ಟಿಕ್ ಸಿವಿಲೈಸೇಶನ್ಸ್ 2 ತಂದಾಗ ಡಿಸ್ಕಿನ ಮೇಲೆ ಕಾಪಿ ತಡೆಯೇ ಇರಲಿಲ್ಲ. ಹಾಕಿ, ಆಡಿ. ಪ್ಯಾಚ್ ಬೇಕಾದರೆ ಮಾತ್ರ ಸೀರಿಯಲ್ ಸಂಖ್ಯೆ ಕೊಟ್ಟು ಲಾಗಿನ್ ಆಗಿ ಅಂದರು. ಕೊಂಡವರಿಗೆ ಪ್ಯಾಚಿನ ಆಸೆ, ಕೊಳ್ಳದವರಿಗೆ ಅದು ಸಿಗಲ್ಲ. ಕಾವಲುಗಾರನ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಆ ಪದ್ಧತಿ ಉಳಿದಿದ್ದರೆ ಗಡಿಕೋಟೆಯವರು ಈ ಪ್ರಶ್ನೆ ಕೇಳಬೇಕಾಗಿರಲಿಲ್ಲ.

ಸಿವ್ 4 ಮಾತು ಬಂದದ್ದರಿಂದ: ಸ್ಟೀಮ್‌ಗೆ ಸರಿಸಿದ ಮೇಲೆ ಕೆಲವು ದೊಡ್ಡ ಮಾಡ್‌ಗಳಿಗೆ ತೊಂದರೆಯಾಯಿತು. ಅದರ ವಿಸ್ತರಣೆ ಬಿಯಾಂಡ್ ದ ಸ್ವೋರ್ಡ್‌ನ ಬೀಟಾಸ್ ಪಟ್ಟಿಯಲ್ಲಿ ಒರಿಜಿನಲ್ ರಿಲೀಸ್ ಅನ್‌ಸಪೋರ್ಟೆಡ್ ಅಂತ ಒಂದಿದೆ. ಅದನ್ನು ಆರಿಸಿದರೆ ಹಳೆಯ ರೂಪ ಮರಳುತ್ತದೆ, ಮಾಡ್‌ಗಳು ನಡೆಯುತ್ತವೆ, ಸ್ಟೀಮ್ ಲಾಬಿ ಮಾತ್ರ ಹೋಗುತ್ತದೆ.

ಕೊಳ್ಳುವ ಮೊದಲು ಅಂಗಡಿ ಪುಟದ ಬಲಬದಿಯ ಸಣ್ಣ ಪೆಟ್ಟಿಗೆ ಓದಿ. ಮೂರನೆಯವರ ಖಾತೆ ಅಥವಾ ಡಿಆರ್‌ಎಂ (ಕಾಪಿ ತಡೆಯುವ ಬೀಗ) ಬೇಕಿದ್ದರೆ ಅಲ್ಲೇ ಇರುತ್ತದೆ. ಆ್ಯನೊ 1800 ಸ್ಟೀಮ್‌ನಲ್ಲಿ ಕೊಂಡರೂ ಯೂಬಿಸಾಫ್ಟ್ ಕನೆಕ್ಟ್ ಬೇಕು. ಸಿವ್ 7ರಲ್ಲಿ ಡೆನುವೊ ಅನ್ನುವ ಅಂಥ ಬೀಗ ಇದೆ: ದಿನಕ್ಕೆ 5 ಬೇರೆ ಪಿಸಿಗಳ ಮಿತಿ. ಪ್ರೊಸೆಸರ್ ಬದಲಿಸಿದರೆ, ಲಿನಕ್ಸ್‌ನಲ್ಲಿ ಪ್ರೋಟಾನ್ (ವಿಂಡೋಸ್ ಆಟ ಓಡಿಸುವ ತಂತ್ರಾಂಶ) ಆವೃತ್ತಿ ಬದಲಿಸಿದರೆ ಅದು ಹೊಸ ಪಿಸಿ ಅಂತ ಎಣಿಸಬಹುದು, ಆಗ ಮತ್ತೆ ನೆಟ್ ಬೇಕು. ಸ್ಟೀಮ್ ಹೊರಗೆ ನೋಡಿದರೆ ಸ್ಟಾರ್‌ಕ್ರಾಫ್ಟ್ 2, ಬ್ಯಾಟಲ್‌ನೆಟ್‌ಗೆ ಲಾಗಿನ್ ಆಗಿ 30 ದಿನದೊಳಗಿದ್ದರೆ ಮಾತ್ರ ಆಫ್‌ಲೈನ್ ಬಿಡುತ್ತದೆ.

ಹಣ ವಾಪಸಿಗೆ ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇರಬೇಕು. ಸ್ಟ್ರಾಟಜಿಯಲ್ಲಿ ಪಾಠದ ಹಂತವೇ ಎರಡು ಗಂಟೆ. ಲಾಂಚರ್ ತೆರೆದಿಟ್ಟ ಸಮಯವೂ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡುತ್ತದೋ ಅನ್ನುವ ಅನುಮಾನ ಇದ್ದರೆ ಪಾಠ ಬಿಟ್ಟು ನೇರ ದೊಡ್ಡ ನಕ್ಷೆಯ ಆಟ ತೆರೆದು, ಟರ್ನ್ ದಾಟಿಸಿ ನೋಡಿ.

ಷಟ್ಕೋನ
ಕೊಂಡದ್ದು ನಮ್ಮದೇ ಅನ್ನುವ ಭ್ರಮೆಯೂ ಬೇಡ. ಕ್ಯಾಲಿಫೋರ್ನಿಯಾದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಒಂದು ಕಾಯ್ದೆಗೆ ಸಹಿ ಬಿತ್ತು: ಡಿಜಿಟಲ್ ವಸ್ತು ಮಾರುವಾಗ ಕೊಡುತ್ತಿರುವುದು ಪರವಾನಗಿ ಮಾತ್ರವಾದರೆ ಅದನ್ನು ಸ್ಪಷ್ಟವಾಗಿ ಹೇಳಬೇಕು. ಜಾರಿಗೆ ಬಂದದ್ದು 2025ರ ಜನವರಿ 1ಕ್ಕೆ, ಆದರೆ ಸ್ಟೀಮ್ ಅಕ್ಟೋಬರ್‌ನಲ್ಲೇ ಕಾರ್ಟ್ ಪುಟದಲ್ಲಿ ಆ ಸಾಲು ಹಾಕಿತು. ಹಣ ಕಟ್ಟುವ ಗುಂಡಿಯ ಬಳಿಯೇ ಇದೆ, ಓದಿ ನೋಡಿ.

ಪೆನ್‌ಡ್ರೈವ್
ಮೂರನೇ ಪ್ರಶ್ನೆ ಇನ್ನೂ ಬಾಕಿ ಇದೆ. ಆ ವಿಂಡೋಸ್ 7 ಪಿಸಿ ಎಸೆಯಬೇಡಿ. ಜಿಓಜಿ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಸಿವ್ 3, ಸಿವ್ 4, ಆಲ್ಫಾ ಸೆಂಟಾರಿ, ಹೀರೋಸ್ ಆಫ್ ಮೈಟ್ ಆ್ಯಂಡ್ ಮ್ಯಾಜಿಕ್ 3 ಎಲ್ಲ ಸಿಗುತ್ತವೆ. ಬೀಗ ಇಲ್ಲ, ಈ ಕಾಲದ ಆಟಗಳು ಆ ಯಂತ್ರದಲ್ಲಿ ಸರಾಗ. ಅವರ ಗ್ಯಾಲಕ್ಸಿ ಆ್ಯಪ್ ಹಾಕುವ ಅಗತ್ಯವಿಲ್ಲ. ಯಾವ ಪಿಸಿಯಲ್ಲಾದರೂ ಬ್ರೌಸರಿನಲ್ಲಿ ಖಾತೆಗೆ ಹೋಗಿ, ಆಟದ ಪುಟದಲ್ಲಿ ಆಫ್‌ಲೈನ್ ಬ್ಯಾಕಪ್ ಇನ್‌ಸ್ಟಾಲರ್ ಇಳಿಸಿ.

ಹೊಸ, ದೊಡ್ಡ ಆಟವಾದರೆ ಒಂದು ಇಎಕ್ಸ್‌ಇ, ಜೊತೆಗೆ ಹಲವು ಬಿನ್ ಫೈಲ್‌ಗಳು, ಒಂದೊಂದೂ 4 ಜಿಬಿ ಒಳಗೆ. ಎಲ್ಲವೂ ಒಂದೇ ಫೋಲ್ಡರಿನಲ್ಲಿ, ಹೆಸರು ಬದಲಿಸದೆ ಇರಬೇಕು. ಒಂದು ಬಿನ್ ಅರ್ಧ ಇಳಿದಿದ್ದರೂ ಇನ್‌ಸ್ಟಾಲ್ ನಡುವೆ ಫೈಲ್ ಕೆಟ್ಟಿದೆ ಅನ್ನುತ್ತದೆ. ಆಗ ಎಲ್ಲ ಮತ್ತೆ ಇಳಿಸಬೇಡಿ, ಪುಟದಲ್ಲಿರುವ ಗಾತ್ರಕ್ಕೂ ನಿಮ್ಮಲ್ಲಿರುವ ಗಾತ್ರಕ್ಕೂ ಹೋಲಿಸಿ ಹೊಂದದ್ದನ್ನಷ್ಟೇ ಇಳಿಸಿ. ಡಿಎಲ್‌ಸಿಗೆ ಬೇರೆ ಇನ್‌ಸ್ಟಾಲರ್ ಇರುತ್ತದೆ. ಮೂಲ ಆಟ ಮೊದಲು, ಡಿಎಲ್‌ಸಿ ಆಮೇಲೆ, ಎರಡರ ಆವೃತ್ತಿ ಸಂಖ್ಯೆಯೂ ಒಂದೇ ಇರಲಿ.

ಕಾಸಿಲ್ಲದೆ ಬೇಕಾದರೆ ಬ್ಯಾಟಲ್ ಫಾರ್ ವೆಸ್‌ನಾತ್, ಫ್ರೀಸಿವ್, ಓಪನ್‌ಆರ್‌ಎ, 0 ಎಡಿ ಇವೆ. ಫೋನಿನಲ್ಲಿ ಯುನ್‌ಸಿವ್ ಹಾಕಿ, ನೀವು ಆಸೆಪಟ್ಟ ಸಿವ್ 5ರ ನಿಯಮಗಳನ್ನೇ ಹಿಡಿದು ಕಟ್ಟಿದ ಆಟ, ನೆಟ್ ಇಲ್ಲದೆ ನಡೆಯುತ್ತದೆ.

ಗಡಿಕೋಟೆ
ವಿಂಡೋಸ್ 7ಕ್ಕೆ ಜಿಓಜಿಯ ಸಿವ್ 4, ಲ್ಯಾಪ್‌ಟಾಪಿಗೆ ಸ್ಟೀಮ್‌ನ ಸಿವ್ 6 ಅಂತ ತೀರ್ಮಾನಿಸಿದೆ. ಜಿಓಜಿ ಇನ್‌ಸ್ಟಾಲರನ್ನು ಎಕ್ಸ್‌ಟರ್ನಲ್ ಡಿಸ್ಕಿನಲ್ಲೇ ಇಟ್ಟು, ಆಟವನ್ನೂ ಅದರಿಂದಲೇ ಆಡಬಹುದಾ?

ಪೆನ್‌ಡ್ರೈವ್
ಇನ್‌ಸ್ಟಾಲರ್ ಅಲ್ಲಿಡಿ, ಆಟ ಒಳಗಿನ ಡಿಸ್ಕಿನಲ್ಲಿರಲಿ. ಎಕ್ಸ್‌ಟರ್ನಲ್‌ನಲ್ಲಿ ಹಾಕಿದರೆ ಡ್ರೈವ್ ಅಕ್ಷರ ಬದಲಾದ ದಿನ ಶಾರ್ಟ್‌ಕಟ್ ದಾರಿ ತಪ್ಪುತ್ತದೆ. ಇನ್‌ಸ್ಟಾಲರಿನ ಎರಡನೇ ಪ್ರತಿ ಇನ್ನೊಂದು ಡಿಸ್ಕಿನಲ್ಲೂ ಇಡಿ.